ಆನೆ ಪೈಸೆಗೆ ಎಷ್ಟರವರೆಗೆ ಕೂಗಬಹುದು?

ಪ್ರಶ್ನೆ: ಟಿಪ್ಪು ಕಾಲದ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಸಂಗ್ರಹಿಸುತ್ತಿದ್ದೇನೆ. ಊರಲ್ಲಿ ಒಳ್ಳೆಯ ನಾಣ್ಯ ಸಿಗುವುದು ಅಪರೂಪ. ಹಾಗಾಗಿ ಒಂದು ವರ್ಷದಿಂದ ಆನ್‌ಲೈನ್ ಹರಾಜಿನಲ್ಲೇ ಕೊಳ್ಳುತ್ತಿದ್ದೇನೆ. ತಿಂಗಳಿಗೆ 8,000 ರೂಪಾಯಿ ಇದಕ್ಕೆಂದೇ ಎತ್ತಿಟ್ಟಿದ್ದೇನೆ. ಬೇಕೆಂದ ನಾಣ್ಯ ಕೊನೆಯ ಗಳಿಗೆಯಲ್ಲಿ ಬೇರೆಯವರ ಪಾಲಾಗುತ್ತದೆ. ಗೆದ್ದರೆ, ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ಬಿಡ್ ಯಾವಾಗ ಹಾಕಬೇಕು, ಎಷ್ಟು ಹಾಕಬೇಕು?
— ಓದುಗರು, ದಾವಣಗೆರೆ

ಉತ್ತರ: ನೀವು ಮೊದಲು ಕೇಳಿದ್ದು 'ಯಾವಾಗ', ಆಮೇಲೆ 'ಎಷ್ಟು'. ಹರಾಜಿನಲ್ಲಿ ಸೋತವರೆಲ್ಲ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಕೇಳುತ್ತಾರೆ. ಕ್ರಮ ತಿರುಗಿಸಿಕೊಳ್ಳಿ. ಎಷ್ಟು ಎನ್ನುವುದು ಹರಾಜಿನ ಹಿಂದಿನ ದಿನವೇ ಕಾಗದದ ಮೇಲೆ ಇಳಿದಿದ್ದರೆ, ಯಾವಾಗ ಎನ್ನುವುದು ಅರ್ಧ ಮಿನಿಟಿನ ಕೆಲಸ. ಎಷ್ಟು ಎಂದು ತೀರ್ಮಾನವಾಗದೆ ಹೋದರೆ ಎಂಥ ಚುರುಕು ಬೆರಳಿದ್ದರೂ ಒಂದೋ ನಾಣ್ಯ ಹೋಗುತ್ತದೆ, ಇಲ್ಲವೇ ದುಡ್ಡು ಹೋಗುತ್ತದೆ.

ಬಿಲ್ಲಿನಿಂದಲೇ ಶುರು ಮಾಡೋಣ. ಪರದೆಯ ಮೇಲೆ ಓಡುವ ಅಂಕಿ ಹ್ಯಾಮರ್ ಬೆಲೆ, ಅಂದರೆ ಹರಾಜು ಕೂಗು ನಿಂತ ಬೆಲೆ ಮಾತ್ರ. ಅದರ ಮೇಲೆ ಬೈಯರ್ಸ್ ಪ್ರೀಮಿಯಂ (ಕೊಳ್ಳುವವರಿಂದ ಹರಾಜು ಸಂಸ್ಥೆ ಪಡೆಯುವ ಶುಲ್ಕ), ಜಿಎಸ್‌ಟಿ, ಅಂಚೆ ಅಥವಾ ಕೊರಿಯರ್ ವೆಚ್ಚ, ಕೆಲವು ಕಡೆ ವಿಮೆ, ಕಾರ್ಡಿನಲ್ಲಿ ಕಟ್ಟಿದರೆ ಇನ್ನಷ್ಟು ಸೇರುತ್ತದೆ. ಪ್ರೀಮಿಯಂ ಎಲ್ಲ ಸಂಸ್ಥೆಗಳಲ್ಲಿ ಒಂದೇ ಇರುವುದಿಲ್ಲ. ತೆರಿಗೆಯನ್ನು ಪೂರ್ತಿ ಮೊತ್ತದ ಮೇಲೆ ಹಾಕುತ್ತಾರೋ ಪ್ರೀಮಿಯಂ ಮೇಲೆ ಮಾತ್ರವೋ ಎಂಬುದೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪ್ರತಿ ಹರಾಜಿನ ನಿಯಮಪುಟದಲ್ಲಿ ಈ ಎರಡು ಸಾಲು ಹುಡುಕಿ ಬರೆದುಕೊಳ್ಳಿ. ಹಿಂದಿನ ಹರಾಜಿನ ದರವನ್ನೇ ನಂಬಬೇಡಿ.

ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಒಂದು ಪೈಸೆಗೆ ನಿಮ್ಮ ಕೈಯಿಂದ ಹೋಗಬಹುದಾದ ಒಟ್ಟು ಹಣ 10,000 ಎಂದಿಟ್ಟುಕೊಳ್ಳಿ. ಪ್ರೀಮಿಯಂ ಶೇ 15, ಅದೂ ಸೇರಿದ ಮೊತ್ತದ ಮೇಲೆ ತೆರಿಗೆ ಶೇ 5, ಕೊರಿಯರ್ 250 ಎಂದುಕೊಳ್ಳೋಣ. ಮೊದಲು 250 ಕಳೆಯಿರಿ, ಉಳಿಯುವುದು 9,750. ಅದನ್ನು 1.15 ಮತ್ತು 1.05ರ ಗುಣಲಬ್ಧವಾದ 1.2075ರಿಂದ ಭಾಗಿಸಿ, ಸುಮಾರು 8,075 ಬರುತ್ತದೆ. ಏರಿಕೆ 500ರ ಮೆಟ್ಟಿಲಿನಲ್ಲಿದ್ದರೆ ನಿಮ್ಮ ಕೊನೆಯ ಬಿಡ್ 8,000. ಆಗ ಬಿಲ್ 9,910 ಆಗುತ್ತದೆ. ಇದೇ ಲಾಟಿಗೆ (ಹರಾಜಿನಲ್ಲಿ ಸಂಖ್ಯೆ ಕೊಟ್ಟು ಇಟ್ಟ ಸರಕಿಗೆ ಲಾಟ್ ಎನ್ನುತ್ತಾರೆ) '10,000ದವರೆಗೆ ಹೋಗುತ್ತೇನೆ' ಎಂದು ಪರದೆಯ ಅಂಕಿ ನೋಡಿಕೊಂಡು ಕೂಗಿದ್ದರೆ ಬಿಲ್ 12,325. ನಿಮ್ಮ ಎದೆ ಧಸಕ್ಕೆನಿಸುತ್ತಿರುವುದು ಈ 2,325 ರೂಪಾಯಿ. ಪ್ರತಿ ಹರಾಜು ಸಂಸ್ಥೆಗೂ ಇಂಥದೊಂದು ಭಾಜಕ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಹರಾಜು ನಡೆಯುವಾಗ ಶೇಕಡಾ ಲೆಕ್ಕ ಮಾಡುವಷ್ಟು ಬಿಡುವು ಯಾರಿಗೂ ಇರುವುದಿಲ್ಲ.

ಇನ್ನು ಆ 10,000 ಎಲ್ಲಿಂದ ಬಂತು? ಕ್ಯಾಟಲಾಗಿನ ಎಸ್ಟಿಮೇಟ್‌ನಿಂದ ಬರಬಾರದು. ಅದು ಜನರನ್ನು ಸೆಳೆಯಲು ಕಡಿಮೆ ಇಟ್ಟ ಅಂಕಿಯಾಗಿರಬಹುದು, ಮಾರುವವರ ಹಟಕ್ಕೆ ಹೆಚ್ಚು ಇಟ್ಟದ್ದೂ ಆಗಿರಬಹುದು. ಬೆಂಗಳೂರಿನ ಮರುಧರ್, ಮುಂಬೈಯ ಟೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿಯಂಥ ಸಂಸ್ಥೆಗಳ ಹಳೆಯ ಹರಾಜುಗಳಲ್ಲಿ ಅದೇ ಟಂಕಸಾಲೆಯ, ಅದೇ ಮೌಲ್ಯದ, ಹತ್ತಿರದ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ಎಂದು ಹುಡುಕಿ. ಕನಿಷ್ಠ ಐದು ಫಲಿತಾಂಶ ಬೇಕು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟುಬಿಡಿ. ಅತಿ ಹೆಚ್ಚಿನದು ಇಬ್ಬರ ಜಿದ್ದಿಗೆ ಏರಿದ್ದಿರಬಹುದು, ಅತಿ ಕಡಿಮೆಯದರಲ್ಲಿ ಫೋಟೋದಲ್ಲಿ ಕಾಣದ ದೋಷವಿದ್ದಿರಬಹುದು. ಉಳಿದದ್ದರ ನಡುವಿನ ಬೆಲೆ ಹಿಡಿಯಿರಿ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ: ಕೆಲವು ಪಟ್ಟಿಗಳು ಹ್ಯಾಮರ್ ಬೆಲೆ ತೋರಿಸುತ್ತವೆ, ಕೆಲವು ಪ್ರೀಮಿಯಂ ಸೇರಿಸಿದ ಬೆಲೆ. ಎರಡನ್ನೂ ಒಂದೇ ಎಂದುಕೊಂಡು ಸರಾಸರಿ ತೆಗೆದರೆ ಶೇ 15–20ರಷ್ಟು ತಪ್ಪು ಮೊದಲ ಹೆಜ್ಜೆಯಲ್ಲೇ ಸೇರಿಕೊಳ್ಳುತ್ತದೆ. ಎಲ್ಲವನ್ನೂ ಹ್ಯಾಮರ್ ಬೆಲೆಗೆ ಇಳಿಸಿಕೊಂಡೇ ಹೋಲಿಸಿ.

ನಾಣ್ಯ ಓದಿದವರಿಗೆ ಸಿಗುವ ಲಾಭ

ಬಿಡ್ಡಿಂಗ್ ತಂತ್ರ ಎಂದಾಗ ಎಲ್ಲರೂ ಗಡಿಯಾರದ ಬಗ್ಗೆ ಮಾತಾಡುತ್ತಾರೆ. ನಿಜವಾದ ಲಾಭ ಇರುವುದು ಮಾರುವವರು ಬರೆಯದೇ ಬಿಟ್ಟದ್ದನ್ನು ಓದಬಲ್ಲವರಿಗೆ. ಮೈಸೂರು ತಾಮ್ರ ಇದಕ್ಕೆ ಹೇಳಿ ಮಾಡಿಸಿದ ಕ್ಷೇತ್ರ.

ಟಿಪ್ಪುವಿನ ಪೈಸೆಯ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ 'ಜರ್ಬ್' (ಟಂಕಿಸಿದ್ದು) ಎಂಬ ಪದದೊಂದಿಗೆ ಟಂಕಸಾಲೆಯ ಹೆಸರು. ಪಟನ್ ಎಂದರೆ ಶ್ರೀರಂಗಪಟ್ಟಣ, ನಗರ್ ಎಂದರೆ ಬಿದನೂರು, ಫೈಜ್ ಹಿಸಾರ್ ಎಂದರೆ ಗುತ್ತಿ, ಫರ‍್ರುಖ್‌ಯಾಬ್ ಹಿಸಾರ್ ಎಂದರೆ ನಿಮ್ಮ ಪಕ್ಕದ ಚಿತ್ರದುರ್ಗ, ಖುರ್ಷೀದ್ ಸವಾದ್ ಎಂದರೆ ಧಾರವಾಡ, ಸಲಾಮಾಬಾದ್ ಎಂದರೆ ಸತ್ಯಮಂಗಲ, ಜಫರಾಬಾದ್ ಎಂದರೆ ಗುರ್ರಂಕೊಂಡ. ಪಟನ್ ಮತ್ತು ನಗರ್ ಪೈಸೆಗಳು ಧಾರಾಳವಾಗಿ ಸಿಗುತ್ತವೆ. ಖುರ್ಷೀದ್ ಸವಾದ್, ಸಲಾಮಾಬಾದ್, ಜಫರಾಬಾದ್ ಹಾಗಲ್ಲ. ಆದರೆ 'ಟಿಪ್ಪು ಸುಲ್ತಾನ್, ತಾಮ್ರದ ಪೈಸೆ, ಆನೆ' ಎಂದಷ್ಟೇ ಬರೆದು, ಟಂಕಸಾಲೆ ಹೆಸರಿಸದೆ ಪಟನ್ ಪೈಸೆಯ ಬೆಲೆಗೇ ಹರಾಜಿಗಿಡುವವರು ಇಂದಿಗೂ ಇದ್ದಾರೆ. ಅಲ್ಲಿ ಎರಡನೆಯ ಫೋಟೋ ಓದಬಲ್ಲವರು ಗೆಲ್ಲುತ್ತಾರೆ. ಈ ಏಳೆಂಟು ಹೆಸರುಗಳ ಲಿಪಿರೂಪವನ್ನು ಚಿತ್ರದಂತೆ ಗುರುತು ಹಿಡಿಯಲು ಎರಡು ವಾರ ಸಾಕು. ಪರ್ಷಿಯನ್ ಕಲಿಯಬೇಕಿಲ್ಲ.

ಇಸವಿಯಲ್ಲೂ ಹೀಗೇ. ಟಿಪ್ಪು 1787ರ ಹೊತ್ತಿಗೆ ಹಿಜರಿ ಬಿಟ್ಟು, ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ಆಮೇಲಿನ ನಾಣ್ಯಗಳಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಬರೆದಿರುತ್ತವೆ. ಅಂದರೆ 1216 ಎಂಬುದು ನಮ್ಮ ಕಣ್ಣಿಗೆ 6121ರಂತೆ ಕಾಣುತ್ತದೆ. ಮಾರುವವರು ಇದನ್ನು ತಪ್ಪಾಗಿ ಓದಿ 'ಇಸವಿ ಇಲ್ಲ' ಎಂದೋ ಬೇರೆ ಇಸವಿ ಎಂದೋ ಬರೆಯುವುದುಂಟು. ಮೌಲ್ಯದ ಹೆಸರುಗಳೂ ತಿಳಿದಿರಲಿ: ಪೈಸೆಗೆ ಜೊಹ್ರಾ, ಅರ್ಧಕ್ಕೆ ಬಹ್ರಾಮ್, ಕಾಲಿಗೆ ಅಖ್ತರ್, ಅರೆಕಾಲಿಗೆ ಕುತ್ಬ್. ತೂಕ ಪೈಸೆಗೆ ಸುಮಾರು 11 ಗ್ರಾಂ, ಅದರ ಎರಡರಷ್ಟಿನದಕ್ಕೆ ಸುಮಾರು 22 ಗ್ರಾಂ. ವಿವರಣೆಯಲ್ಲಿ 'ಪೈಸೆ, 5.4 ಗ್ರಾಂ' ಎಂದಿದ್ದರೆ ಅದು ಅರ್ಧ ಪೈಸೆ, ಇಲ್ಲವೇ ವಿವರಣೆಯನ್ನು ನಂಬಲಾಗದು. ತೂಕವೇ ಇಲ್ಲದ ಲಾಟಿಗೆ ತೂಕ ಕೇಳಿ ಮೇಲ್ ಹಾಕಿ. ಉತ್ತರ ಬರದಿದ್ದರೆ ಬಿಡ್ ಬೇಡ.

ಮುಮ್ಮಡಿಯವರ ತಾಮ್ರದಲ್ಲಿ ಕನ್ನಡ ಓದುಗರಿಗೆ ನೇರ ಅನುಕೂಲವಿದೆ. ಅವರ ಆರಂಭದ ನಾಣ್ಯಗಳಲ್ಲೂ ಆನೆ ಇದೆ. ಆದರೆ ಆನೆಯ ಮೇಲೆ ಸೂರ್ಯಚಂದ್ರ, 'ಶ್ರೀ' ಇರುತ್ತವೆ. ನಂತರದವುಗಳಲ್ಲಿ 'ಶ್ರೀ ಚಾಮುಂಡಿ' ಎಂಬ ಬರಹ, ಸಿಂಹ, 'ಮಯಿಲಿ ಕಾಶು' ಎಂಬ ಕನ್ನಡ ಸಾಲು, ಜತೆಗೆ ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಕ್ಯಾಶ್ (ಕಾಸು) ಮೌಲ್ಯ. ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಹೊರದೇಶದ ಮಾರಾಟಗಾರರು ಇವನ್ನು ಟಿಪ್ಪು ಎಂದು ಹಾಕುತ್ತಾರೆ, ಟಿಪ್ಪುವಿನದನ್ನು ಒಡೆಯರದು ಎಂದು ಹಾಕುತ್ತಾರೆ. ಹುಡುಕುವಾಗ ಹೆಸರಿನ ಎಲ್ಲ ರೂಪಗಳನ್ನೂ ಹಾಕಿ: ಟಿಪ್ಪು, ಟಿಪು, ಟಿಪ್ಪೂ ಸಾಹಿಬ್, ಒಡೆಯರ್, ವಾಡಿಯಾರ್, ವೊಡೆಯಾರ್, ಮೈಸೂರ್ ಎಲಿಫೆಂಟ್ ಕ್ಯಾಶ್, ಇವೆಲ್ಲದರ ಇಂಗ್ಲಿಷ್ ಕಾಗುಣಿತದ ಹಲವು ಬಗೆಗಳನ್ನು. ಕಾಗುಣಿತ ತಪ್ಪಿದ ಲಾಟಿಗೆ ಎದುರಾಳಿಗಳು ಕಡಿಮೆ.

ಸ್ಥಿತಿಯ ಬಗ್ಗೆ ಒಂದು ಮಾತು, ಇದು ನಮ್ಮ ಕಡೆಯ ತಾಮ್ರಕ್ಕೇ ಅಂಟಿದ ರೋಗ. ಮನೆಯಲ್ಲಿ ತಾಮ್ರದ ಚೆಂಬು ಬೆಳಗುವಂತೆ ನಾಣ್ಯವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತಾರೆ. ಆಮ್ಲ ಮೇಲ್ಪದರವನ್ನು ತಿಂದು ಹಾಕಿದ ಮೇಲೆ ನಾಣ್ಯ ಒಂದು ಬಗೆಯ ಹಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅಕ್ಷರದ ಅಂಚು ಮೊಂಡಾಗುತ್ತದೆ. ಇನ್ನೂರು ವರ್ಷದ ಕಂದು ಪದರ ಮತ್ತೆ ಬರುವುದಿಲ್ಲ. ಫೋಟೋದಲ್ಲಿ ಬಣ್ಣ ಎಲ್ಲ ಕಡೆ ಒಂದೇ ಸಮ, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ತಿಕ್ಕಿದ್ದು ಎಂದೇ ತಿಳಿಯಿರಿ, ನಿಮ್ಮ ಬೆಲೆಯನ್ನು ಅರ್ಧಕ್ಕೆ ಇಳಿಸಿ. ನಾಣ್ಯದ ಸ್ಥಿತಿಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಗ್ರೇಡಿಂಗ್ ಕಂಪನಿಗಳು ಇಂಥದ್ದಕ್ಕೆ ಅಂಕಿಯ ಗ್ರೇಡ್ ಕೊಡದೆ 'ಡೀಟೇಲ್ಸ್' ಎಂದು ಬರೆದು ಮುಚ್ಚುತ್ತವೆ. ಡಬ್ಬಿಯಲ್ಲಿದೆ ಎಂದ ಮಾತ್ರಕ್ಕೆ ಒಳ್ಳೆಯ ನಾಣ್ಯವೆಂದಲ್ಲ, ಚೀಟಿ ಓದಿ.

ಫೋಟೋ ನೋಡಿ ಕೊಳ್ಳುವಾಗ ಇನ್ನೊಂದು ಬಲೆ ಇದೆ. ಹತ್ತು ಜನ ಒಂದೇ ಫೋಟೋ ನೋಡಿ ಹತ್ತು ಬಗೆಯಾಗಿ ಅಂದಾಜಿಸುತ್ತಾರೆ. ಕೆಲವರು ಕಡಿಮೆ ಅಂದಾಜಿಸುತ್ತಾರೆ, ಕೆಲವರು ಹೆಚ್ಚು. ಲಾಟ್ ಹೋಗುವುದು ಅತಿ ಹೆಚ್ಚು ಅಂದಾಜಿಸಿದವರಿಗೆ, ಅಂದರೆ ಅತಿ ಹೆಚ್ಚು ತಪ್ಪಿರುವ ಸಾಧ್ಯತೆ ಇರುವವರಿಗೆ. ಅಮೆರಿಕದ ತೈಲ ಗುತ್ತಿಗೆ ಹರಾಜುಗಳಲ್ಲಿ ಕಂಪನಿಗಳು ಗೆದ್ದೂ ಸೋಲುತ್ತಿದ್ದುದಕ್ಕೆ ಇದೇ ಕಾರಣವೆಂದು ಮೂವರು ಪೆಟ್ರೋಲಿಯಂ ಎಂಜಿನಿಯರುಗಳು 1971ರಲ್ಲಿ ವಿವರಿಸಿದರು. ಇದಕ್ಕೆ ಗೆದ್ದವರ ಶಾಪ ಎಂಬ ಹೆಸರು ಬಂತು. ಮದ್ದು ಸರಳ. ಎರಡೂ ಬದಿಯ ಸ್ಪಷ್ಟ ಚಿತ್ರ, ತೂಕ, ವಾಪಸಾತಿ ಇದ್ದರೆ ನಿಮ್ಮ ಪೂರ್ತಿ ಬೆಲೆ ಹಾಕಿ. ಚಿತ್ರ ಮಸುಕಾಗಿದ್ದರೆ ಶೇ 15 ಕಡಿಮೆ ಮಾಡಿ. ಒಂದೇ ಬದಿಯ ಚಿತ್ರವಿದ್ದರೆ ಅದು ಜೂಜು, ಆಡದಿರುವುದೇ ಒಳ್ಳೆಯದು.

ಯಂತ್ರ ನಿಮ್ಮ ಪರವಾಗಿ ಕೂಗುವುದು ಹೇಗೆ

ಈಗ ಬಿಡ್ ಹಾಕುವ ವಿಷಯಕ್ಕೆ ಬರೋಣ. ಹೆಚ್ಚಿನ ಸೈಟುಗಳಲ್ಲಿ ಗರಿಷ್ಠ ಬಿಡ್, ಅಂದರೆ ಪ್ರಾಕ್ಸಿ ಬಿಡ್ ಇದೆ. ನೀವು 8,000 ಎಂದು ಕೊಟ್ಟರೆ ಬೆಲೆ ಕೂಡಲೇ 8,000ಕ್ಕೆ ಹಾರುವುದಿಲ್ಲ. ಎದುರಾಳಿ ಎಲ್ಲಿಗೆ ನಿಂತರೋ ಅದರ ಮೇಲೆ ಒಂದು ಮೆಟ್ಟಿಲು ಮಾತ್ರ ಏರುತ್ತದೆ. ಎದುರಾಳಿಯ ಕೊನೆ 6,000, ಮೆಟ್ಟಿಲು 500 ಎಂದಾದರೆ ನೀವು ಕೊಡುವುದು 6,500. ಅಂಚೆಚೀಟಿ ವ್ಯಾಪಾರಿಗಳಿಗೆ ಇದು ಹೊಸದಲ್ಲ. ಅಮೆರಿಕದ ನಾರ್ಥಾಂಪ್ಟನ್ ಊರಿನ ವ್ಯಾಪಾರಿಗಳು 1893ರಲ್ಲೇ ಕಾಗದದ ಮೂಲಕ ಬಂದ ಬಿಡ್‌ಗಳಿಗೆ ಇದೇ ನಿಯಮ ಇಟ್ಟಿದ್ದರು: ಅತಿ ಹೆಚ್ಚು ಬರೆದವರಿಗೆ ಮಾಲು, ಬೆಲೆ ಮಾತ್ರ ಎರಡನೆಯವರಿಗಿಂತ ಸ್ವಲ್ಪ ಮೇಲೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಇಂಥ ಹರಾಜಿನ ಗುಣವನ್ನು ತೋರಿಸಿಕೊಟ್ಟರು. ನಾವು ಕೊಡುವ ಬೆಲೆಯನ್ನು ತೀರ್ಮಾನಿಸುವುದು ಎರಡನೆಯವರ ಬಿಡ್. ಆದ್ದರಿಂದ ನಮ್ಮ ನಿಜವಾದ ಮಿತಿಯನ್ನು ಬರೆಯುವುದೇ ಲಾಭ. ಕಡಿಮೆ ಬರೆದರೆ ಉಳಿತಾಯವಾಗುವುದಿಲ್ಲ, ಕೈಗೆಟಕುವ ನಾಣ್ಯ ತಪ್ಪುತ್ತದೆ ಅಷ್ಟೆ.

ಕೊನೆಯ ಕ್ಷಣದಲ್ಲಿ ನಾಣ್ಯ ಬೇರೆಯವರ ಪಾಲಾಗುತ್ತದೆ ಎಂದಿರಿ. ಹಲವು ಸಲ ಅವರು ಕೊನೆಯ ಕ್ಷಣದಲ್ಲಿ ಬಂದವರಲ್ಲ, ಎರಡು ದಿನದ ಹಿಂದೆಯೇ ನಿಮಗಿಂತ ಹೆಚ್ಚಿನ ಗರಿಷ್ಠ ಬಿಡ್ ಇಟ್ಟು ಮಲಗಿದವರು. ನೀವು 200, 200 ಏರಿಸುತ್ತ ಹೋದಂತೆ ಯಂತ್ರ ಅವರ ಪರವಾಗಿ ಉತ್ತರಿಸುತ್ತಿರುತ್ತದೆ. ಅವರ ಮಿತಿ ನಿಮ್ಮದಕ್ಕಿಂತ ಹೆಚ್ಚಿದ್ದರೆ ಯಾವ ಸಮಯದಲ್ಲಿ ಹಾಕಿದರೂ ಫಲ ಒಂದೇ. ಅದನ್ನು ಸೋಲು ಎಂದುಕೊಳ್ಳಬೇಡಿ. ಆ ನಾಣ್ಯಕ್ಕೆ ಅವರು ಕಟ್ಟಿದ ಬೆಲೆ ನಿಮ್ಮದಕ್ಕಿಂತ ಹೆಚ್ಚು, ಅಷ್ಟೇ.

ಸಮಯ ಮುಖ್ಯವಾಗುವುದು ಹರಾಜು ಮುಗಿಯುವ ಬಗೆಯ ಮೇಲೆ. ಇಬೇ ಎಂಬ ಹರಾಜು ತಾಣದಲ್ಲಿ ಮುಗಿಯುವ ಗಳಿಗೆ ಗಟ್ಟಿ. ಗಡಿಯಾರ ಸೊನ್ನೆ ಮುಟ್ಟಿದರೆ ಮುಗಿಯಿತು. ಅಲ್ಲಿ ಕೊನೆಯ 5–8 ಸೆಕೆಂಡಿನಲ್ಲಿ ಪೂರ್ತಿ ಮಿತಿಯನ್ನು ಒಂದೇ ಸಲ ಹಾಕುವ ಸ್ನೈಪಿಂಗ್‌ಗೆ ಅರ್ಥವಿದೆ. ಮಿತಿ ತೀರ್ಮಾನಿಸಿಕೊಳ್ಳದೆ, 'ಯಾರೋ ನನ್ನನ್ನು ದಾಟಿದರು' ಎಂಬ ಸಂದೇಶ ಬಂದಾಗಲೆಲ್ಲ ಇನ್ನಷ್ಟು ಏರಿಸುವವರು ಇರುತ್ತಾರೆ. ಅವರಿಗೆ ಏರಿಸಲು ಸಮಯ ಸಿಗಬಾರದು. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇಯನ್ನೂ ಆಗ ಇದ್ದ ಅಮೆಜಾನ್ ಹರಾಜನ್ನೂ ಹೋಲಿಸಿದರು. ಅಮೆಜಾನಿನಲ್ಲಿ ಕೊನೆಯಲ್ಲಿ ಬಿಡ್ ಬಂದರೆ ಸಮಯ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು, ಅಲ್ಲಿ ಕೊನೆಯ ಕ್ಷಣದ ಬಿಡ್ ಇಬೇಗಿಂತ ಬಹಳ ಕಡಿಮೆ ಇತ್ತು.

ಸ್ನೈಪಿಂಗ್ ಮಾಡುವಾಗ ಕೈಕೊಡುವುದು ಸಾಮಾನ್ಯವಾಗಿ ಎರಡು: ಲಾಗಿನ್ ಅವಧಿ ಮುಗಿದು ಪಾಸ್‌ವರ್ಡ್ ಕೇಳುವುದು, ಖಚಿತಪಡಿಸುವ ಎರಡನೆಯ ಪುಟ ತೆರೆಯಲು ನಾಲ್ಕೈದು ಸೆಕೆಂಡು ಹಿಡಿಯುವುದು. ಹತ್ತು ನಿಮಿಷ ಮೊದಲೇ ಲಾಗಿನ್ ಮಾಡಿ. ಮೊತ್ತ ತುಂಬಿ, ಖಚಿತಪಡಿಸುವ ಗುಂಡಿಯವರೆಗೆ ಹೋಗಿ ನಿಲ್ಲಿ. ಇನ್ನೊಂದು ಸಾಧನದಲ್ಲಿ ಗಡಿಯಾರ ನೋಡಿ ಒತ್ತಿ. ಇಂಟರ್‌ನೆಟ್ ಕುಂಟುವ ಊರಾದರೆ 5 ಸೆಕೆಂಡಿನ ಆಸೆ ಬೇಡ, 20 ಸೆಕೆಂಡು ಇರುವಾಗಲೇ ಹಾಕಿ.

ಕೊನೆಯಲ್ಲಿ ಬಿಡ್ ಬಂದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ಹರಾಜಿನಲ್ಲಿ, ಅಥವಾ ಹರಾಜುದಾರರು ಪರದೆಯ ಮೇಲೆ ಒಂದೊಂದೇ ಲಾಟ್ ಕೂಗುವ ಲೈವ್ ಹರಾಜಿನಲ್ಲಿ, ಸ್ನೈಪಿಂಗಿಗೆ ಜಾಗವಿಲ್ಲ. ಅಲ್ಲಿ ಎರಡೇ ದಾರಿ. ಸಾಮಾನ್ಯ ನಾಣ್ಯವಾದರೆ ಹಿಂದಿನ ದಿನವೇ ಗರಿಷ್ಠ ಬಿಡ್ ಇಟ್ಟು ಎದ್ದುಬಿಡಿ. ಇಬ್ಬರ ಮಿತಿ ಸಮವಾದರೆ ಸಾಮಾನ್ಯವಾಗಿ ಮೊದಲು ಕೊಟ್ಟವರಿಗೇ ಲಾಟ್, ಆದ್ದರಿಂದ ಬೇಗ ಕೊಟ್ಟದ್ದಕ್ಕೆ ಬೆಲೆ ಇದೆ. ಆದರೆ ಟಂಕಸಾಲೆ ಹೆಸರು ಬರೆಯದೆ ಬಿಟ್ಟ ಧಾರವಾಡದ ಪೈಸೆಯಂಥದ್ದಾದರೆ ಮೊದಲೇ ಮುಟ್ಟಬೇಡಿ. ಆರಂಭದ ಬೆಲೆಯಲ್ಲಿ ಸುಮ್ಮನೆ ಇರುವ ಲಾಟಿಗೆ ಒಂದು ಬಿಡ್ ಬಿದ್ದರೆ ಉಳಿದವರೂ ಎರಡನೆಯ ಫೋಟೋ ತೆರೆದು ನೋಡುತ್ತಾರೆ. ಅಂಥದ್ದಕ್ಕೆ ಕೊನೆಯಲ್ಲೇ ಬನ್ನಿ, ಲೈವ್ ಆದರೆ ಕುಳಿತೇ ಕೂಗಿ.

ಮೆಟ್ಟಿಲಿನ ಲೆಕ್ಕ ಚಿಕ್ಕದು, ಆದರೆ ಬಹಳ ನಾಣ್ಯ ತಪ್ಪಿಸಿದೆ. ಜನ ಗುಂಡು ಅಂಕಿಯಲ್ಲಿ ಯೋಚಿಸುತ್ತಾರೆ: 5,000, 8,000, 10,000. ಎಷ್ಟು ಬೇಕಾದರೂ ಬರೆಯಲು ಬಿಡುವ ಸೈಟಿನಲ್ಲಿ 8,000ದ ಬದಲು 8,070 ಬರೆಯಿರಿ, ಗುಂಡು ಅಂಕಿಯವರನ್ನು 70 ರೂಪಾಯಿಯಲ್ಲಿ ದಾಟಬಹುದು. ಭಾರತದ ಎಷ್ಟೋ ಹರಾಜುಗಳಲ್ಲಿ ಮೆಟ್ಟಿಲಿಗೆ ಹೊಂದದ ಮೊತ್ತವನ್ನು ಸ್ವೀಕರಿಸುವುದಿಲ್ಲ, ಇಲ್ಲವೇ ಕೆಳಕ್ಕೆ ಇಳಿಸಿಬಿಡುತ್ತಾರೆ. ಅಲ್ಲಿ ಆಯ್ಕೆ ಎರಡು: ಗುಂಡು ಅಂಕಿಯನ್ನು ಎಲ್ಲರಿಗಿಂತ ಮೊದಲು ಕೊಡುವುದು, ಇಲ್ಲವೇ ಒಂದು ಮೆಟ್ಟಿಲು ಮೇಲೆ ಹೋಗುವುದು. ಲೈವಿನಲ್ಲಿ ಸರದಿಯೂ ಲೆಕ್ಕಕ್ಕೆ ಬರುತ್ತದೆ. 500ರ ಮೆಟ್ಟಿಲಿನಲ್ಲಿ ಎದುರಾಳಿ 7,000 ಕೂಗಿದರೆ ನೀವು 7,500, ಅವರು 8,000. ನಿಮ್ಮ ಮಿತಿಯ ಅಂಕಿ ಅವರ ಬಾಯಿಗೆ ಹೋಯಿತು. ಅದಕ್ಕೇ ಮಿತಿ ಬರೆದಿಡುವಾಗ 'ಸರದಿ ತಪ್ಪಿದರೆ ಇನ್ನೊಂದೇ ಮೆಟ್ಟಿಲು' ಎಂಬುದನ್ನೂ ಬರೆದಿಡಿ, ಆ ಮೆಟ್ಟಿಲನ್ನೂ ಮೊದಲಿನ ಬಿಲ್ ಲೆಕ್ಕದಲ್ಲಿ ಸೇರಿಸಿಟ್ಟಿರಿ. ಅದರಾಚೆ ಕೈ ಎತ್ತಬೇಡಿ.

ಕಳ್ಳ ಸವಾಲು ಮತ್ತು ಸಮಾಧಾನದ ಖರೀದಿ

ಮಾರುವವರ ಕಡೆಯವರೇ ಬೇರೆ ಹೆಸರಿನಲ್ಲಿ ಬೆಲೆ ಏರಿಸುವುದು ಊರ ಸಂತೆಯ ಹರಾಜಿನಲ್ಲೂ ಇತ್ತು, ಇಲ್ಲೂ ಇದೆ. ಗುರುತುಗಳು: ಒಂದೇ ಬಿಡ್ಡರ್ ಆ ಮಾರಾಟಗಾರರ ಲಾಟುಗಳಲ್ಲಿ ಮಾತ್ರ ಕಾಣಿಸುವುದು, ಸಣ್ಣ ಸಣ್ಣ ಮೆಟ್ಟಿಲು ಏರಿಸಿ ನಿಮ್ಮ ಗರಿಷ್ಠಕ್ಕೆ ಕೂದಲೆಳೆಯಷ್ಟು ಕೆಳಗೆ ನಿಲ್ಲುವುದು, ಮೇಲೆ ಹೋಗಿ ಬಿಡ್ ಹಿಂತೆಗೆದುಕೊಳ್ಳುವುದು, ಮಾರಾಟವಾಯಿತೆಂದ ನಾಣ್ಯ ಮುಂದಿನ ತಿಂಗಳು ಅದೇ ಫೋಟೋದೊಂದಿಗೆ ಮತ್ತೆ ಬರುವುದು. ಒಂದು ಗುರುತು ಕಂಡರೆ ಸಂಶಯ, ಎರಡು ಮೂರು ಸೇರಿದರೆ ಅಲ್ಲಿಂದ ದೂರವಿರಿ. ಪರಿಚಯವಿಲ್ಲದ ಮಾರಾಟಗಾರರ ಬಳಿ ಗರಿಷ್ಠ ಬಿಡ್ಡನ್ನು ದಿನಗಟ್ಟಲೆ ಇಡಬೇಡಿ, ಕೊನೆಯ ನಿಮಿಷಕ್ಕೆ ಹಾಕಿ. ಅಗೆದು ನೋಡಲು ಅವರಿಗೆ ಸಮಯ ಉಳಿಯಬಾರದು.

ಈ ಕಳ್ಳರಿಗಿಂತ ಹೆಚ್ಚು ಹಣ ತಿನ್ನುವುದು ಇನ್ನೊಂದು. ಬೇಕೆಂದು ಕಾದಿದ್ದ 12ನೇ ಲಾಟ್ ತಪ್ಪುತ್ತದೆ, ಕೈಯಲ್ಲಿ 8,000 ಹಾಗೇ ಇದೆ, ಮನಸ್ಸು ಬಿಸಿಯಾಗಿದೆ. 40ನೇ ಲಾಟಿನ ಸವೆದ ಪಟನ್ ಪೈಸೆಗೆ, 55ನೇ ಲಾಟಿನ ತಿಕ್ಕಿದ ಮಯಿಲಿ ಕಾಸಿಗೆ ಕೈ ಹೋಗುತ್ತದೆ. ವರ್ಷದ ಕೊನೆಗೆ ಡಬ್ಬಿಯಲ್ಲಿ ಮೂವತ್ತು ನಾಣ್ಯ ಸೇರಿದರೂ ಹೊರಗೆ ತೆಗೆದು ನೋಡಬೇಕೆನಿಸುವುದು ಮೂರು. ಇದಕ್ಕೆ ನಿಯಮ ಒಂದೇ: ಹಿಂದಿನ ದಿನ ಬರೆದ ಪಟ್ಟಿಯಲ್ಲಿ ಇಲ್ಲದ ಲಾಟಿಗೆ ಬಿಡ್ ಇಲ್ಲ. ಸೋತ ದಿನದ ಹಣ ಮುಂದಿನ ತಿಂಗಳಿಗೆ ಸೇರಲಿ. ಮೂರು ತಿಂಗಳು ಕೂಡಿದರೆ 24,000. ಆ ಹಣಕ್ಕೆ ಸಿಗುವ ನಾಣ್ಯದ ದರ್ಜೆಯೇ ಬೇರೆ. ಸಂಗ್ರಹ ಬೆಳೆಯುವುದು ಹೀಗೆ.

ಒಂದೇ ಹರಾಜಿನಲ್ಲಿ ಒಂದೇ ಬಗೆಯ ನಾಣ್ಯ ಮೂರು ನಾಲ್ಕು ಸಲ ಬಂದರೆ ಮೊದಲನೆಯದಕ್ಕೆ ಮುಗಿಬೀಳಬೇಡಿ. ವೈನ್ ಹರಾಜುಗಳಲ್ಲಿ ಒಂದೇ ಸರಕಿನ ನಂತರದ ಲಾಟುಗಳು ಮೊದಲಿನವಕ್ಕಿಂತ ಕಡಿಮೆಗೆ ಹೋಗುವುದೇ ಹೆಚ್ಚೆಂದು ಅರ್ಥಶಾಸ್ತ್ರಜ್ಞ ಆರ್ಲೆ ಆಶೆನ್‌ಫೆಲ್ಟರ್ 1989ರಲ್ಲಿ ತೋರಿಸಿದರು. ನಾಣ್ಯಕ್ಕೂ ಈ ಎಚ್ಚರ ಒಳ್ಳೆಯದು. ಮೊದಲನೆಯದಕ್ಕೆ ಮಿತಿಯ ಶೇ 85, ಎರಡನೆಯದಕ್ಕೆ ಶೇ 95, ಕೊನೆಯದಕ್ಕೆ ಪೂರ್ತಿ. ಆದರೆ ಎಲ್ಲದಕ್ಕೂ ಒಟ್ಟಿಗೆ ಗರಿಷ್ಠ ಬಿಡ್ ಇಟ್ಟು ಮಲಗಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಮೂರೂ ನಾಣ್ಯಕ್ಕೆ ಬಿಲ್ ಬಂದಿರಬಹುದು. 'ಇದು ಇಲ್ಲವೇ ಅದು' ಎಂಬ ಬಿಡ್ ಸ್ವೀಕರಿಸುವ ಸಂಸ್ಥೆಗಳಿವೆ, ಮೇಲ್ ಹಾಕಿ ಕೇಳಿ. ಇಲ್ಲದಿದ್ದರೆ ಕುಳಿತೇ ಕೂಗಬೇಕು. ಐವತ್ತು ನಾಣ್ಯದ ಗುಂಪು ಲಾಟಿನಲ್ಲಿ ನಿಮಗೆ ಬೇಕಾದ ನಾಲ್ಕಕ್ಕೆ ಮಾತ್ರ ಬೆಲೆ ಕಟ್ಟಿ. ಉಳಿದವನ್ನು ಮಾರಿ ಹಣ ಮಾಡುತ್ತೇನೆಂಬ ಲೆಕ್ಕ ಹೆಚ್ಚಾಗಿ ಕೂಡಿಬರುವುದಿಲ್ಲ. ಗುಂಪು ಲಾಟುಗಳಿಗೆ ವಾಪಸಾತಿಯೂ ಸಾಮಾನ್ಯವಾಗಿ ಇರುವುದಿಲ್ಲ.

ನಕಲಿಯ ವಿಷಯದಲ್ಲಿ ತಾಮ್ರ ಸಂಗ್ರಹಿಸುವವರಿಗೆ ಭಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಎರಕದ ನಕಲಿನಲ್ಲಿ ಮೈಮೇಲೆ ಸಣ್ಣ ಗುಳಿಗಳು, ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ, ಸೋಪಿನಂತೆ ನುಣುಪಾದ ಅಕ್ಷರ ಕಾಣುತ್ತವೆ. ಅಂಚಿನ ಫೋಟೋ ಕೇಳಿ ಪಡೆಯಿರಿ. ತಾಮ್ರದಿಂದ ಬೆಳ್ಳಿ ಚಿನ್ನದ ಕಡೆ ಹೊರಳುವ ದಿನ ಬಂದರೆ ಎಚ್ಚರ ಹೆಚ್ಚಲಿ. ಟಿಪ್ಪುವಿನ ಎರಡು ರೂಪಾಯಿ ನಾಣ್ಯ, ಮೂರನೇ ಒಂದು ಗ್ರಾಂನ ಆಸುಪಾಸಿನ ಕಂಠೀರಾಯ ಹಣವೆಂಬ ಪುಟ್ಟ ಚಿನ್ನದ ನಾಣ್ಯ, ಆರನೇ ಜಾರ್ಜ್‌ನ 1939ರ ರೂಪಾಯಿ, ಇವಕ್ಕೆ ನಕಲು ಧಾರಾಳ. 1939ರ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ 91.7. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ ಹಿಡಿಯಿರಿ. ತಕ್ಕಡಿ 1.13 ಗ್ರಾಂ ಹತ್ತಿರ ತೋರಿಸಬೇಕು. 11.66ನ್ನು ಅದರಿಂದ ಭಾಗಿಸಿದರೆ ಸಿಗುವ 10.3 ಆ ಬೆಳ್ಳಿಯ ಸಾಂದ್ರತೆ. 1.25 ದಾಟಿದರೆ ಲೋಹ ಬೇರೆ. ಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚು ತೋರುತ್ತದೆ, ಅಲ್ಲಾಡಿಸಿ ಮತ್ತೆ ನೋಡಿ.

ಹೊರದೇಶದ ಸೈಟಿನಿಂದ ಕೊಂಡರೆ ಸುಂಕ, ಡಾಲರ್ ಅಥವಾ ಪೌಂಡ್ ಬದಲಾವಣೆಗೆ ಬ್ಯಾಂಕ್ ಹಿಡಿಯುವ ಹಣ, ತಿಂಗಳುಗಟ್ಟಲೆ ಕಾಯುವಿಕೆ ಎಲ್ಲವೂ ಆ ಭಾಜಕದೊಳಗೆ ಬರಬೇಕು. ಹೊರದೇಶದಲ್ಲಿರುವ ಬಂಧುಗಳಿಗೆ ಇಲ್ಲಿಂದ ಕೊಂಡು ಕಳಿಸುವ ಯೋಚನೆ ಮಾತ್ರ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಜೇಬಿನಲ್ಲಿಟ್ಟು ಒಯ್ಯುವಂತೆಯೂ ಇಲ್ಲ. ಅವರು ಅಲ್ಲಿನ ಹರಾಜಿನಲ್ಲೇ ಕೊಳ್ಳಲಿ. ಮೈಸೂರು ಪೈಸೆ ಅಲ್ಲೂ ಬರುತ್ತವೆ.

ಪಾರ್ಸೆಲ್ ಬಂದಾಗ ಬಿಚ್ಚುವ ಮೊದಲು ಮೊಬೈಲ್ ಆನ್ ಮಾಡಿ, ವಿಳಾಸದ ಚೀಟಿಯಿಂದ ಹಿಡಿದು ನಾಣ್ಯ ಹೊರಗೆ ಬರುವವರೆಗೆ ತಡೆಯಿಲ್ಲದೆ ವಿಡಿಯೊ ತೆಗೆಯಿರಿ. ಅದೇ ಗಂಟೆಯಲ್ಲಿ ತೂಗಿ, ಅಂಚು ನೋಡಿ, ಲಾಟಿನ ಫೋಟೋ ಪಕ್ಕ ಇಟ್ಟು ಹೋಲಿಸಿ. ವಾಪಸಾತಿಯ ದಿನಗಳು ಪಾರ್ಸೆಲ್ ಕೈಸೇರಿದ ದಿನದಿಂದ ಎಣಿಕೆಯಾಗುತ್ತವೆಯೋ ಹರಾಜಿನ ದಿನದಿಂದಲೋ ಎಂಬುದನ್ನು ಬಿಡ್ ಹಾಕುವ ಮೊದಲೇ ಓದಿಟ್ಟಿರಿ. ಬಿಲ್ಲನ್ನು ನಾಣ್ಯದ ಜತೆಗೇ ಇಡಿ. ಪ್ರಾಚ್ಯವಸ್ತು ಎಲ್ಲಿಂದ ಬಂತೆಂದು ಯಾರೇ ಕೇಳಿದರೂ ತೋರಿಸಬೇಕಾದ ಕಾಗದ ಅದು. ಕವರಿನ ಮೇಲೆ ಟಂಕಸಾಲೆ, ಇಸವಿ, ತೂಕ, ಲಾಟ್ ಸಂಖ್ಯೆಯ ಕೆಳಗೆ ಹ್ಯಾಮರ್ ಬೆಲೆ, ಒಟ್ಟು ಬಿಲ್, ಹರಾಜಿನ ಹಿಂದಿನ ದಿನ ನೀವು ಬರೆದ ಮಿತಿ, ಈ ಮೂರನ್ನೂ ಬರೆಯಿರಿ. ತಪ್ಪಿಹೋದ ಲಾಟುಗಳಿಗೂ ಒಂದು ನೋಟ್‌ಬುಕ್ ಇರಲಿ: ನಿಮ್ಮ ಮಿತಿ ಎಷ್ಟಿತ್ತು, ನಾಣ್ಯ ಎಷ್ಟಕ್ಕೆ ಹೋಯಿತು. ಹತ್ತು ಹರಾಜಿನ ನಂತರ ಆ ಎರಡು ಕಾಲಂ ನೋಡಿ. ಸೋತ ಲಾಟುಗಳು ನಿಮ್ಮ ಮಿತಿಗಿಂತ ಒಂದೆರಡು ಮೆಟ್ಟಿಲಷ್ಟೇ ಮೇಲೆ ಹೋಗಿದ್ದರೆ ನಿಮ್ಮ ಅಂದಾಜು ಸರಿಯಿದೆ, ಕಾಯಿರಿ. ಪ್ರತಿ ಸಲವೂ ಎರಡರಷ್ಟಕ್ಕೆ ಹೋಗಿದ್ದರೆ ನೀವು ಇಟ್ಟುಕೊಂಡ ಬೆಲೆಪಟ್ಟಿ ಹಳೆಯದಾಗಿದೆ, ಆ ಐದು ಫಲಿತಾಂಶಗಳನ್ನು ಹೊಸದಾಗಿ ಹುಡುಕಿ.